ಇಲ್ಲದೂರಿನ ನೀಲ್ಯಾ

ಹೋದ ವಾರ ಮೊಮ್ಮಗಳು ಶಾಲೆಯಿಂದ ಬಂದವಳೇ ಚೀಲ ಬಿಸಾಕಿ, ಎರಡೂ ಕೈಗಳನ್ನು ನನ್ನ ಮುಖದ ಮುಂದೆ ಚಾಚಿದಳು. ಬೆರಳ ತುದಿಯಿಂದ ಮೊಣಕೈವರೆಗೆ ನೀಲಿ. ನಾನು ಕುಳಿತಲ್ಲೇ ಹಿಂದೆ ಸರಿದೆ.

"ಹತ್ತೂದಿಲ್ಲಜ್ಜಿ, ಒಣಗೈತಿ," ಅಂದಳು ಹುಡುಗಿ, ಮುಖ ಸಣ್ಣಗೆ ಮಾಡಿಕೊಂಡು.

ಚಿತ್ರ ಬಿಡಿಸುವ ಬಣ್ಣ. ಅವಳ ತರಗತಿಯಲ್ಲಿ ಎಲ್ಲರೂ ಸೇರಿ ಒಂದು ಮಾಯಾಲೋಕ ಕಟ್ಟುತ್ತಿದ್ದಾರಂತೆ. ಒಬ್ಬೊಬ್ಬರೂ ಆ ಲೋಕಕ್ಕೆ, ಯಾರೂ ಎಲ್ಲೂ ಕಾಣದ ಒಂದು ಪ್ರಾಣಿಯನ್ನು ತಾವೇ ಮನಸ್ಸಿನಲ್ಲಿ ಕಟ್ಟಿ ತರಬೇಕಂತೆ. ಇವಳು ಬಣ್ಣ ಕಲಸಿದ್ದಷ್ಟೇ, ಪ್ರಾಣಿ ಮಾತ್ರ ಹೊಳೆದಿಲ್ಲ. "ನೀವು ಟೀಚರ್ ಆಗಿದ್ರಲ್ಲ, ಒಂದು ಹೇಳ್ರಿ," ಎಂದು ಗಂಟುಬಿದ್ದಳು. ಮೊದಲು ಕೈ ತೊಳಿ ಎಂದು ಬಚ್ಚಲಿಗೆ ಎಳೆದುಕೊಂಡು ಹೋದೆ. ಎರಡು ತಂಬಿಗೆ ನೀರಿಗೆ ಎಲ್ಲ ಹೋಯಿತು. ಕಲ್ಲಿನ ಮೇಲೆ ಹರಿದು ಮೋರಿ ಸೇರುವ ಆ ನೀಲಿ ನೀರನ್ನು ನೋಡುತ್ತ ನಿಂತುಬಿಟ್ಟೆ. ನೀಲಿ ಇಷ್ಟು ಸುಲಭಕ್ಕೆ ಬಿಡುವ ಬಣ್ಣವಾಗಿದ್ದರೆ ಒಬ್ಬ ಮನುಷ್ಯನ ಜೀವ ಉಳಿಯುತ್ತಿತ್ತು. ನಾನು ಈ ರಾಯಚೂರಿನ ಮನೆಯಲ್ಲಿ ಐವತ್ತು ವರ್ಷದ ಹಿಂದಿನದಕ್ಕೆ ಹೀಗೆ ಬೆವರುತ್ತ ನಿಲ್ಲಬೇಕಾಗಿರಲಿಲ್ಲ.

ನಾನು ಹುಟ್ಟಿದ್ದು ನಾರಾಯಣಪೇಟೆಯ ನೇಕಾರರ ಓಣಿಯಲ್ಲಿ. ಆಗ ಅದು ನಿಜಾಮರ ಸೀಮೆ. ಅಪ್ಪನದು ತೆಗ್ಗಿನ ಮಗ್ಗ. ನೆಲದಲ್ಲಿ ತೋಡಿದ ಕುಣಿಗೆ ಕಾಲು ಇಳಿಬಿಟ್ಟು ಕೂತು ತುಳಿಯಬೇಕು. ಮಗ್ಗದ ಪಕ್ಕದಲ್ಲಿ ಈರಮ್ಮ ಎಂಬ ವಿಧವೆ ದಿನವಿಡೀ ರಾಟಿ ತಿರುಗಿಸಿ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಗೋಡೆಯಾಚೆ ಬಣ್ಣಗಾರ ಮಸ್ತಾನ್ ಸಾಬರ ಮನೆ. ಅಪ್ಪನ ಸೀರೆಗೆ ಬೇಕಾದ ನೂಲಿಗೆಲ್ಲ ಬಣ್ಣ ಕಟ್ಟುವವರು ಅವರೇ.

ಅವರ ಅಂಗಳದಲ್ಲಿ ಕುತ್ತಿಗೆಮಟ ನೆಲದಲ್ಲಿ ಹೂತ ದೊಡ್ಡದೊಂದು ಮಣ್ಣಿನ ಬಾನಿ ಇತ್ತು, ಅದರ ತುಂಬ ನೀಲಿ. ನೀಲಿಯ ಬಾನಿ ಎಂದರೆ ಜೀವ ಇರುವ ವಸ್ತು. ಸುಣ್ಣ, ಬೆಲ್ಲ ಹಾಕಿ ಹುಳಿ ಬರಿಸಬೇಕು, ಮುಂಜಾನೆ ಸಂಜೆ ಕೋಲಿನಿಂದ ಕದಡಬೇಕು. ಕೆಲವು ದಿನ ಕೈಬಿಟ್ಟರೆ ಅದು ಸಾಯುತ್ತದೆ. 'ಬಾನಿ ಸತ್ತಿತು' ಎಂದೇ ಅನ್ನುತ್ತಿದ್ದರು. ಮಸ್ತಾನ್ ಸಾಬರು ಅದನ್ನು ಮೂಸಿ, ನಾಲಗೆಗೆ ಒಂದು ಹನಿ ಹಚ್ಚಿ ನೋಡಿ, "ಇವತ್ತ ಇದಕ ಮೈಯಾಗ ಆರಾಮಿಲ್ಲ," ಎಂದು ಮಗುವಿನ ಬಗ್ಗೆ ಹೇಳುವಂತೆ ಹೇಳುತ್ತಿದ್ದರು. ಅವರ ಎರಡೂ ಕೈ ಮೊಣಕೈವರೆಗೆ ನೀಲಿ. ಹಬ್ಬಕ್ಕೆ ಅತ್ತರು ಹಚ್ಚಿ, ಬಿಳಿ ಅಂಗಿ ತೊಟ್ಟರೂ ಕೈ ಮಾತ್ರ ಹಾಗೇ.

ಅವರ ಮಗಳು ಖೈರುನ್ ನನ್ನ ಜೊತೆಗಾತಿ. ಇಬ್ಬರಿಗೂ ಹತ್ತು ವರ್ಷ. ನಾವಿಬ್ಬರೂ ಒಂದು ಊರು ಕಟ್ಟಿದ್ದೆವು, ಅದರ ಹೆಸರು ಇಲ್ಲದೂರು. ಅಲ್ಲಿ ಮನುಷ್ಯರಿಲ್ಲ, ಬರೀ ನಾವು ಕಟ್ಟಿದ ಪ್ರಾಣಿಗಳು. ನಾವು ಕಟ್ಟಿದ ಎಂದು ಈಗಲೂ ಬಾಯಿಗೆ ಬರುತ್ತದೆ, ನಾಚಿಕೆಯಿಲ್ಲದ ಬಾಯಿ. ಕಟ್ಟಿದವಳು ಅವಳು. ಮಗ್ಗದ ಕುಣಿಯಲ್ಲಿರುವ ತಟಕಿ ಅವಳದು. ಅದು ಮಗ್ಗದ ಸದ್ದನ್ನೇ ಉಂಡು ಬದುಕುತ್ತದೆ, ನೇಕಾರ ಊಟಕ್ಕೆ ಎದ್ದರೆ ಹಸಿವಾಗಿ ಅವನ ಹೆಬ್ಬೆರಳು ಚೀಪುತ್ತದೆ. ಒಣಹಾಕಿದ ನೂಲಿನ ಮೇಲೆ ಮಲಗುವ, ಮೈಯೇ ಇಲ್ಲದ ಮುಸುಗ ಅವಳದು. ಅದು ಮಲಗಿ ಎದ್ದ ಜಾಗ ಮಾತ್ರ ತಣ್ಣಗಿರುತ್ತದೆ. ಎಲ್ಲಕ್ಕಿಂತ ನನಗೆ ಸೇರುತ್ತಿದ್ದದ್ದು ಜುಮ್ಮಿ. ಜುಮ್ಮಿಗೆ ಅಂಗಾಲಿನಲ್ಲಿ ಕಿವಿ. ನೆಲಕ್ಕೆ ಕಾಲಿಟ್ಟರೆ ಸಾಕು, ದೂರದ ಮಕ್ತಲದಲ್ಲಿ ಯಾರೋ ನಡೆದದ್ದು ಇಲ್ಲಿ ಕೇಳುತ್ತದೆ. ಬಿಟ್ಟುಹೋಗುವವರ ಹೆಜ್ಜೆ ಬಹಳ ದೂರದವರೆಗೂ ಕೇಳುತ್ತಲೇ ಇರುವುದರಿಂದ ಅದು ಯಾವಾಗಲೂ ಅಳುತ್ತಿರುತ್ತದೆ.

ನಾನೊಮ್ಮೆ ರೆಕ್ಕೆಯ ಆಕಳನ್ನು ಕಟ್ಟಿಕೊಂಡು ಹೋದೆ. ಖೈರುನ್ ನಕ್ಕುಬಿಟ್ಟಳು.

"ಆಕಳಾ ಕಂಡೀ, ರೆಕ್ಕಿ ಕಂಡೀ. ಎರಡೂ ಕೂಡಿಸಿ ಹೊಲದೀ. ಕಟ್ಟಿದ್ದು ಎಲ್ಲೈತಿ ಇದರಾಗ?"

"ನೀ ಕಿವಿ ಕಂಡಿಲ್ಲೇನು? ಕಾಲು ಕಂಡಿಲ್ಲೇನು?" ಎಂದು ನಾನು ರೇಗಿದೆ.

"ಕಂಡೀನಿ. ಆದ್ರ ಅದು ಯಾಕ ಅಳತೈತಿ ಅನ್ನೂದು ಎಲ್ಲೂ ಕಂಡಿಲ್ಲ. ನಿನ್ನ ಆಕಳಿಗೆ ಏನು ದುಃಖ ಐತಿ ಹೇಳು ನೋಡೋಣು?"

ಓಣಿಯ ಹುಡುಗಿಯರು ಮಧ್ಯಾಹ್ನ ಹನುಮಂತದೇವರ ಗುಡಿಯ ಕಟ್ಟೆಯ ಮೇಲೆ ಸೇರಿದರೆ ಕತೆ ಕೇಳುತ್ತಿದ್ದದ್ದು ಅವಳನ್ನೇ. ನಾನು ಪಕ್ಕದಲ್ಲಿ ಕೂತು ಹೂಂಗುಟ್ಟಬೇಕು. ಹೊಟ್ಟೆಕಿಚ್ಚು ಎಂಬುದಕ್ಕೆ ಹತ್ತು ವರ್ಷವೇನು ಕಡಿಮೆ ವಯಸ್ಸಲ್ಲ.

ಆ ವರ್ಷ ಬೇಸಿಗೆಯಿಂದಲೇ ಊರಿಗೆ ನಿದ್ದೆ ಇರಲಿಲ್ಲ. ನಿಜಾಮರ ಪಕ್ಷದ ರಜಾಕಾರರು ಬಂದರಂತೆ, ಆ ಹಳ್ಳಿ ಸುಟ್ಟರಂತೆ, ಈ ಹಳ್ಳಿ ಲೂಟಿಯಾಯಿತಂತೆ ಎಂಬುದೇ ಮಾತು. ಒಂದು ದಿನ ಬಂದೂಕು ಹಿಡಿದ ನಾಲ್ವರು ನಮ್ಮ ಓಣಿಗೂ ಬಂದರು. ಮಸ್ತಾನ್ ಸಾಬರು ನಮ್ಮ ಬಾಗಿಲಿಗೆ ಅಡ್ಡ ನಿಂತು, ಆ ನೀಲಿ ಕೈಗಳನ್ನು ಚೌಕಟ್ಟಿಗೆ ಊರಿ, ಇದು ನನ್ನದೇ ಮನೆ, ಒಳಗೆ ನನ್ನ ಹೆಂಗಸರಿದ್ದಾರೆ ಎಂದು ಅವರ ಭಾಷೆಯಲ್ಲಿ ಹೇಳಿದರು. ಬಂದವರು ಮುಂದೆ ಹೋದರು. ಅವ್ವ ನನ್ನ ಬಾಯಿ ಮುಚ್ಚಿಕೊಂಡು ನೂಲಿನ ಮೂಟೆಯ ಹಿಂದೆ ಕೂತಿದ್ದಳು.

ಭಾದ್ರಪದದ ಮಳೆ ಹಿಡಿದಿತ್ತು, ಹೊಲದಲ್ಲಿ ಸಜ್ಜೆ ತೆನೆ ಬಿಟ್ಟಿತ್ತು. ಆಗ ಗಾಳಿ ತಿರುಗಿತು. ಹಿಂದೂಸ್ತಾನದ ಫೌಜು ಬರುತ್ತದೆ ಎಂಬ ಸುದ್ದಿ. ಮಸ್ತಾನ್ ಸಾಬರು ಹೆಂಡತಿ ಮತ್ತು ಖೈರುನ್‌ಳನ್ನು ಎತ್ತಿನ ಬಂಡಿಯಲ್ಲಿ ಗದ್ವಾಲದ ಮಾವನ ಮನೆಗೆ ಕಳಿಸಿದರು. ತಾವು ಹೋಗಲಿಲ್ಲ. ಬಾನಿ ಸಾಯುತ್ತದೆ ಎಂದರು.

ಬಂಡಿ ಹತ್ತುವ ಮೊದಲು ಖೈರುನ್ ನನ್ನ ಕಿವಿಯಲ್ಲಿ ಹೇಳಿದಳು: "ನಾ ಬರೂದ್ರೊಳಗ ಒಂದು ಕಟ್ಟಿಟ್ಟಿರು. ಕಂಡದ್ದು ಬ್ಯಾಡ. ಖರೇನ ಕಟ್ಟಿದ್ದು." ಬಂಡಿ ತಿರುವು ದಾಟಿದ ಮೇಲೆ ನಾನು ಬರಿಗಾಲನ್ನು ನೆಲಕ್ಕೆ ಒತ್ತಿ, ಜುಮ್ಮಿಯ ಹಾಗೆ, ಬಹಳ ಹೊತ್ತು ಕೇಳಿಸಿಕೊಂಡೆ.

ಫೌಜು ಬಂತು. ನಾಲ್ಕೈದು ದಿನದಲ್ಲಿ ಎಲ್ಲ ಮುಗಿಯಿತು ಎಂದು ದೊಡ್ಡವರು ಹೇಳಿದರು, ಆದರೆ ನಮ್ಮಂಥ ಕಡೆ ಶುರುವಾದದ್ದೇ ಆಮೇಲೆ. ನಿನ್ನೆಯವರೆಗೆ ಹೆದರಿ ಕೂತಿದ್ದವರಲ್ಲಿ ಕೆಲವರು ಕೊಡಲಿ, ಬಡಿಗೆ ಹಿಡಿದು ಓಣಿ ಓಣಿ ತಿರುಗಿದರು. ಯಾರು ರಜಾಕಾರ, ಯಾರು ಅಲ್ಲ ಎಂದು ಕೇಳುವ ಪುರುಸೊತ್ತು ಯಾರಿಗೂ ಇರಲಿಲ್ಲ. ಹೆಸರು ಕೇಳಿದರೆ ಸಾಕಿತ್ತು. ಒಂದು ಸಂಜೆ ಮಸ್ತಾನ್ ಸಾಬರು ಹಿತ್ತಲ ಗೋಡೆ ಹಾರಿ ನಮ್ಮ ಮನೆಗೆ ಬಂದರು.

"ತಮ್ಮಾ, ಎರಡು ದಿನ," ಎಂದರು ಅಪ್ಪನಿಗೆ.

"ಎರಡು ದಿನ ಯಾಕ ಮಸ್ತಾನಣ್ಣಾ, ಮನಿ ನಿಮ್ದು," ಎಂದ ಅಪ್ಪ. ಏಣಿ ಇಟ್ಟು ಅಟ್ಟ ಹತ್ತಿಸಿದ.

ಅಪ್ಪನ ಯೋಚನೆ ಸರಳವಿತ್ತು. ಅವರಿಗೆ ಧೋತರ ಉಡಿಸಿ, ರುಮಾಲು ಸುತ್ತಿ, ನೂಲು ಹೊತ್ತ ನಮ್ಮ ಪೈಕಿಯವನ ಹಾಗೆ ಗದ್ವಾಲಕ್ಕೆ ದಾಟಿಸುವುದು. ಅವರ ಕನ್ನಡ ನಮ್ಮದೇ, ತೆಲುಗು ನಮಗಿಂತ ಚೆಂದ. ಅಡ್ಡ ಬಂದದ್ದು ಕೈ. ಈ ಸುತ್ತಿನಲ್ಲಿ ನೀಲಿ ಕೈ ಎಂದರೆ ಬಣ್ಣಗಾರ, ಬಣ್ಣಗಾರ ಎಂದರೆ ಮಸ್ತಾನ್ ಸಾಬರು, ಎಳೆ ಮಗುವಿಗೂ ಗೊತ್ತು. ಅವ್ವ ಹುಣಸೆಹಣ್ಣು ಕೊಟ್ಟಳು, ಬೂದಿ ಕೊಟ್ಟಳು, ನಿಂಬೆಹಣ್ಣು ಹಿಂಡಿದಳು. ಚರ್ಮ ಕೆಂಪಾಗಿ ಸುಲಿದು ಬಂತೇ ಹೊರತು ನೀಲಿ ಹೋಗಲಿಲ್ಲ. "ಬಾನ್ಯಾಗ ಕೈ ಅದ್ದದಿದ್ರ ಮೂರು ವಾರದಾಗ ತಾನಾ ಇಳೀತೈತಿ," ಎಂದರು ಅವರು. ಹಾಗಾದರೆ ಮೂರು ವಾರ ಎಂದು ಅಪ್ಪ ಎಣಿಸಿದ.

ಮನೆಗೆ ಬರುವವಳು ಈರಮ್ಮ ಒಬ್ಬಳೇ. ಅವಳಿಂದ ಮುಚ್ಚಿಡಲಾಗುತ್ತಿರಲಿಲ್ಲ, ಮುಚ್ಚಿಡಲೂ ಇಲ್ಲ. "ನನ್ನ ಬಾಯಿಗಿ ಹೊಲಿಗಿ ಹಾಕೀನ್ರಿ," ಎಂದಳು. ಅವ್ವ ನನ್ನ ಕೈಯನ್ನು ತನ್ನ ತಲೆಯ ಮೇಲೆ ಇರಿಸಿಕೊಂಡು ಆಣೆ ಮಾಡಿಸಿದಳು. ಯಾರ ಮುಂದೂ ಮಸ್ತಾನ್ ಕಾಕಾನ ಹೆಸರು ಎತ್ತುವುದಿಲ್ಲ ಎಂದೆ.

ದಿನಾ ಸಂಜೆ ಅಂಬಲಿಯ ಬಟ್ಟಲು ಹಿಡಿದು ಅಟ್ಟ ಹತ್ತುವುದು ನನ್ನ ಕೆಲಸ. ಮೂಟೆಗಳ ನಡುವೆ ಅವರು ಮೊಣಕಾಲು ಮಡಚಿ ಕೂತಿರುತ್ತಿದ್ದರು. ಕೆಮ್ಮು ಬಂದರೆ ರುಮಾಲನ್ನು ಬಾಯಿಗೆ ತುರುಕಿಕೊಳ್ಳುವರು. ಹಂಚಿನ ಸಂದಿಯ ಬೆಳಕಿಗೆ ಉಗುರು ಹಿಡಿದು, "ನೋಡವ್ವಾ, ಇಳದೈತೇನು?" ಎಂದು ಕೇಳುವರು. ಉಗುರಿನ ಬುಡದಲ್ಲಿ ದಾರದೆಳೆಯಷ್ಟು ಬಿಳುಪು ಮೂಡಿತ್ತು. "ಇಳದೈತಿ ಕಾಕಾ," ಎನ್ನುತ್ತಿದ್ದೆ. ಆಮೇಲೆ ತಪ್ಪದೆ ಒಂದು ಮಾತು: "ಬಾನಿ ಯಾರರ ಕದಡ್ಯಾರೇನು? ಅದು ಸಾಯತೈತವ್ವಾ." ಕದಡಲು ಹೋದರೆ ಸಂಶಯ ಬರುತ್ತದೆಂದು ಯಾರೂ ಹೋಗಿರಲಿಲ್ಲ.

ಶಾಲೆ ಮುಚ್ಚಿತ್ತು. ಹುಡುಗಿಯರು ಗುಡಿಯ ಕಟ್ಟೆಗೆ ಬರುವುದನ್ನು ಬಿಟ್ಟಿರಲಿಲ್ಲ. ಒಂದು ಮಧ್ಯಾಹ್ನ ನಮ್ಮ ಎದುರುಮನೆಯ ಹುಡುಗಿ, "ಖೈರುನ್ ಹೋದಳು, ಇನ್ನ ಇಲ್ಲದೂರೂ ಇಲ್ಲ ಬಿಡ್ರಿ. ಗೌರಿಗೆ ಏನ್ ಬರತೈತಿ?" ಎಂದಳು. ಗೌರಿ ಎಂದರೆ ನಾನು. ಎಲ್ಲರೂ ನಕ್ಕರು.

"ನನಗೂ ಬರತೈತಿ," ಎಂದೆ. ಬಾಯಿ ತೆರೆದಾಗ ನನಗೆ ಏನು ಹೇಳುತ್ತೇನೆಂದು ಗೊತ್ತಿರಲಿಲ್ಲ, ದೇವರಾಣೆ. ತೆರೆದ ಮೇಲೆ ತಾನಾಗಿ ಬಂತು.

"ಇಲ್ಲದೂರಾಗ ಒಂದು ಅಟ್ಟ ಐತಿ. ಅಟ್ಟದ ಮ್ಯಾಲ ನೀಲ್ಯಾ ಇರತಾನ. ಅವನ ಕೈ ಮೊಣಕೈತನಾ ನೀಲಿ. ಬೆಳಕಂದ್ರ ಅಂಜಿಕಿ. ಸಂಜಿಗೊಮ್ಮೆ ಅಂಬಲಿ ಕುಡೀತಾನ. ಕೆಮ್ಮು ಬಂದ್ರ ನುಂಗತಾನ."

ಹುಡುಗಿಯರು ಹತ್ತಿರ ಸರಿದರು. ಯಾರೂ ನಗಲಿಲ್ಲ. "ಅವ ಯಾಕ ಅಂಜತಾನ?" ಎಂದು ಒಬ್ಬಳು ಕೇಳಿದಳು. ಆಗ ನನಗೆ ಖೈರುನ್ ಹೇಳಿದ್ದು ನೆನಪಾಯಿತು: ದುಃಖ ಇರಬೇಕು. ನನ್ನ ಪ್ರಾಣಿಗೆ ಈ ಸಲ ದುಃಖ ಇತ್ತು.

"ಅವನದೊಂದು ಬಾನಿ ಐತಿ. ಜೀವ ಇರೂ ಬಾನಿ. ಅವ ಕದಡದಿದ್ರ ಅದು ಸಾಯತೈತಿ. ಅದಕ ಅವ ದಿನಾ ಉಗುರು ನೋಡಿಕೋತ ಅಳತಾನ. ಉಗುರು ಬೆಳ್ಳಗಾದ ದಿನ ಅವಗ ಬಿಡುಗಡಿ."

ಹತ್ತು ವರ್ಷದ ಕೂಸಿಗೆ ಏನು ತಿಳಿಯುತ್ತದೆ ಎಂದು ಜನ ಉದಾರವಾಗಿ ಹೇಳುತ್ತಾರೆ. ನನಗೆ ತಿಳಿದಿತ್ತು. ಆದರೆ ಹುಡುಗಿಯರ ಬಾಯಿ ತೆರೆದಿತ್ತು, ಎದುರುಮನೆಯವಳ ಕಣ್ಣಲ್ಲಿ ನೀರು ಬಂದಿತ್ತು, ಅದನ್ನು ಬಿಟ್ಟುಕೊಡಲು ನನ್ನಿಂದಾಗಲಿಲ್ಲ. ಹೆಸರು ಹೇಳಿಲ್ಲವಲ್ಲ, ಆಣೆ ಮುರಿದಿಲ್ಲವಲ್ಲ ಎಂದು ನನಗೆ ನಾನೇ ವಕೀಲಿಕೆ ಮಾಡಿಕೊಂಡೆ. ಮರುದಿನವೂ ಹೇಳಿದೆ, ಅದರ ಮರುದಿನವೂ. ಮೂರು ದಿನ ನಾನು ಆ ಕಟ್ಟೆಯ ರಾಣಿ.

ನಾಲ್ಕನೆಯ ದಿನ ಮುಂಜಾನೆ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ನೂಲು ಬಿಡಿಸುತ್ತಿದ್ದೆ. ಒಳಗೆ ಅಪ್ಪನ ಮಗ್ಗ ಸದ್ದು ಮಾಡುತ್ತಿತ್ತು. ಐದು ಜನ ಬಂದರು, ಎಲ್ಲ ಊರಿನವರೇ. ಮುಂದಿದ್ದವನು ಎದುರುಮನೆಯ ಹುಡುಗಿಯ ಸೋದರಮಾವ. ಬಡಿಗೆಯನ್ನು ಗೋಡೆಗೆ ಒರಗಿಸಿ, ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತು, ನಗುತ್ತ ಮೆಲ್ಲಗೆ ಕೇಳಿದ:

"ಏನವ್ವಾ ಗೌರವ್ವಾ, ನಿಮ್ಮ ನೀಲ್ಯಾ ಆರಾಮದಾನೇನು?"

ನಾನು ಏನೂ ಹೇಳಲಿಲ್ಲ. ಇಷ್ಟು ವರ್ಷ ಅದನ್ನೇ ನನ್ನ ಪರವಾಗಿ ಹೇಳಿಕೊಳ್ಳುತ್ತ ಬಂದಿದ್ದೇನೆ. ಆದರೆ ಕತ್ತೆತ್ತಿ ಅಟ್ಟದ ಕಡೆ ನೋಡಿದೆ. ಅವನು ನನ್ನ ತಲೆ ಸವರಿ ಎದ್ದ.

ಅಪ್ಪ ಮಗ್ಗದ ಕುಣಿಯಿಂದ ಎದ್ದು ಬರುವಷ್ಟರಲ್ಲಿ ಅವರು ಒಳಗಿದ್ದರು. ಯಾರೂ ಇಲ್ಲ ಎಂದು ಅಪ್ಪ ಏಣಿಗೆ ಅಡ್ಡ ನಿಂತ. ಬಡಿಗೆ ಅವನ ಭುಜಕ್ಕೆ ಬಿತ್ತು. ಎರಡನೆಯ ಏಟು ಬೀಳುವ ಮೊದಲು ಮೇಲಿಂದ ದನಿ ಬಂತು.

"ಹೊಡೀಬ್ಯಾಡ್ರಿ. ಅವಗೇನೂ ಗೊತ್ತಿಲ್ಲ. ನಾ ಕದ್ದು ಹೊಕ್ಕೀನಿ."

ಮಸ್ತಾನ್ ಸಾಬರು ಏಣಿಯ ಮೆಟ್ಟಿಲು ಒಂದೊಂದೇ ಇಳಿದು ಬಂದರು. ಮೆಟ್ಟಿಲು ಹಿಡಿದ ಕೈ ಎಲ್ಲರಿಗೂ ಕಾಣುತ್ತಿತ್ತು. ಬಾಗಿಲು ದಾಟುವಾಗ ನನ್ನನ್ನು ನೋಡಿ, ಹೆದರಿದ್ದೇನೆಂದು ತಿಳಿದರೇನೋ, "ಏನಿಲ್ಲವ್ವಾ, ಹೋಗಿ ಬರತೀನಿ," ಎಂದರು. ಮಕ್ತಲದಲ್ಲಿರುವ ಫೌಜಿನ ಠಾಣ್ಯಕ್ಕೆ ಒಪ್ಪಿಸುತ್ತೇವೆ ಎಂದು ಹೇಳಿ ಕರೆದುಕೊಂಡು ಹೋದರು. ಅಪ್ಪ ಮರುದಿನ ನೋವಿನ ಭುಜ ಕಟ್ಟಿಕೊಂಡು ನಡೆದೇ ಮಕ್ತಲಕ್ಕೆ ಹೋದ. ಅಂಥವರನ್ನು ಯಾರೂ ಇಲ್ಲಿಗೆ ತಂದಿಲ್ಲ ಎಂದರಂತೆ. ಹಾದಿಯ ಹಳ್ಳಗಳಲ್ಲಿ, ಸಜ್ಜೆಯ ಹೊಲಗಳಲ್ಲಿ ಎರಡು ದಿನ ಹುಡುಕಿ ಮರಳಿದ. ಏನೂ ಸಿಕ್ಕಿರಲಿಲ್ಲ.

ಅದೇ ವಾರ ಗೋಡೆಯಾಚೆಯಿಂದ ವಾಸನೆ ಶುರುವಾಯಿತು. ಬಾನಿ ಸತ್ತಿತ್ತು. ಓಣಿಯವರು ಮೂಗು ಮುಚ್ಚಿಕೊಂಡು ಓಡಾಡಿದರು. ನನಗೆ ಊಟ ಸೇರಲಿಲ್ಲ. ಅವ್ವ ಅದು ಹೆದರಿಕೆಯೆಂದು ದೃಷ್ಟಿ ತೆಗೆದಳು.

ಯಾರು ಹೇಳಿದರು ಎಂಬುದು ಅಪ್ಪನನ್ನು ಕೊರೆಯತೊಡಗಿತು. ಮನೆಯವರು ಮೂವರು, ಗೊತ್ತಿದ್ದ ಹೊರಗಿನವಳು ಒಬ್ಬಳು. ಒಂದು ಮುಂಜಾನೆ ಈರಮ್ಮ ಬಂದು ರಾಟಿಯ ಮುಂದೆ ಕೂತಾಗ, "ಏಳು, ನಾಳಿಂದ ಬರಬ್ಯಾಡ," ಎಂದ.

"ನಾ ಅಲ್ರೀ ಯಪ್ಪಾ. ನನ್ನ ಮಕ್ಕಳಾಣಿ, ನಾ ಅಲ್ಲ," ಎಂದಳು ಅವಳು. ನನ್ನ ಕಡೆ ತಿರುಗಿ, "ಗೌರವ್ವಾ, ನೀನರ ಹೇಳು. ನಾ ಯಾರ ಕೂಡ ಮಾತಾಡಿದ್ದು ನೋಡಿಯೇನು?" ಎಂದಳು. ಅವಳು ಕೇಳಿದ್ದು ಸುಮ್ಮನೆ ಒಂದು ಸಾಕ್ಷಿ. ನಾನು ಅವ್ವನ ಸೆರಗಿನ ಹಿಂದೆ ಸರಿದುಕೊಂಡೆ.

ತಿಂಗಳಾದ ಮೇಲೆ ಖೈರುನ್ ಮತ್ತು ಅವಳ ತಾಯಿ ಬಂದರು, ಸಾಮಾನು ಒಯ್ಯಲು. ಅವಳ ತಾಯಿ ಒಣಗಿದ ಬಾನಿಯ ಅಂಚಿಗೆ ಹಣೆ ಇಟ್ಟು ಕೂತಿದ್ದಳು. ಖೈರುನ್ ನನ್ನ ಹತ್ತಿರ ಬಂದು ನಿಂತಳು. ಅತ್ತು ಅತ್ತು ಮುಖ ಊದಿತ್ತು. ಅವಳೇ ಮೊದಲು ಕೇಳಿದಳು:

"ಕಟ್ಟೀ ಏನು, ನಾ ಹೇಳಿದ್ದು?"

"ಇಲ್ಲ," ಎಂದೆ.

"ಒಂದೂ?"

"ಒಂದೂ ಇಲ್ಲ."

"ಇರಲಿ ಬಿಡು," ಎಂದು ಅವಳೇ ನನಗೆ ಸಮಾಧಾನ ಹೇಳಿದಳು. "ಜುಮ್ಮೀನ್ನ ನೀನಾ ಇಟ್ಕೋ. ನನಗ ಇನ್ನ ಅದು ಬ್ಯಾಡ." ಬಂಡಿ ಹೊರಟಿತು. ಈ ಸಲ ನಾನು ನೆಲಕ್ಕೆ ಕಾಲು ಒತ್ತಲಿಲ್ಲ, ಚಪ್ಪಲಿ ಕಾಲಲ್ಲೇ ಒಳಗೆ ಹೋದೆ. ಮತ್ತೆ ಅವಳನ್ನು ನೋಡಲಿಲ್ಲ.

ಆ ಒಂದು 'ಇಲ್ಲ'ದ ಮೇಲೆ ನನ್ನ ಬದುಕು ನಡೆದಿದೆ. ಕತೆ ಹೇಳಿದ್ದು ಮಗುವಿನ ತಪ್ಪು ಎಂದು ಬೇಕಾದರೆ ಬಿಡಿ. ಆದರೆ ನಾನು ಬೆಳೆದೆ. ಹದಿನೆಂಟಾದಾಗ ನನ್ನ ಮದುವೆಯ ಚಪ್ಪರದ ಹೊರಗೆ ಈರಮ್ಮ ಬಂದು ನಿಂತಿದ್ದಳು, ಕರೆದರೆ ಊಟಕ್ಕೆ ಬರುವ ಆಸೆಯಿಂದ. ಅಪ್ಪ ಕರೆಯಲಿಲ್ಲ, ಬಾಸಿಂಗ ಕಟ್ಟಿಕೊಂಡು ಕೂತಿದ್ದ ನಾನೂ ತಲೆ ತಗ್ಗಿಸಿದೆ. ಓಣಿಯಲ್ಲಿ ಮತ್ತೆ ಯಾರೂ ಅವಳ ಕೈಗೆ ರಾಟಿ ಕೊಟ್ಟಿರಲಿಲ್ಲ. ಅಪ್ಪ ಸಾಯುವ ಮುಂಚಿನ ವಾರ, "ಆ ಈರಿ ಹಂಗ ಮಾಡಬಾರದಿತ್ತು," ಎಂದ. ನನಗಾಗ ಮೂವತ್ತು ದಾಟಿತ್ತು, ಮಕ್ಕಳಿಗೆ ಸತ್ಯ ಹೇಳಿರಿ ಎಂದು ಪಾಠ ಮಾಡುವ ನೌಕರಿಯಿತ್ತು. ಅವನ ಬಾಯಿಗೆ ನೀರು ಬಿಟ್ಟು ಸುಮ್ಮನಾದೆ. ಜುಮ್ಮಿಯ ಕತೆಯನ್ನು ಎಷ್ಟೋ ತರಗತಿಗಳಿಗೆ ಹೇಳಿ ಒಳ್ಳೆಯ ಟೀಚರ್ ಎನಿಸಿಕೊಂಡೆ. ಅದು ಯಾರದೆಂದು ಒಮ್ಮೆಯೂ ಹೇಳಲಿಲ್ಲ.

ಬಚ್ಚಲಿನಿಂದ ಬಂದು ಮೊಮ್ಮಗಳ ಕೈ ಒರೆಸಿದೆ. ಪ್ರಾಣಿ ಎಲ್ಲಿ ಎಂದು ಅವಳು ಬಿಡಲಿಲ್ಲ. ತಟಕಿಯನ್ನು ಹೇಳಿದೆ, ಮುಸುಗವನ್ನು ಹೇಳಿದೆ, ಜುಮ್ಮಿಯನ್ನು ಹೇಳಿದೆ. ಅವಳು ತನ್ನ ಅಂಗಾಲು ತಿರುಗಿಸಿ ನೋಡಿಕೊಂಡಳು.

"ಇವನ್ನೆಲ್ಲಾ ನೀವು ಕಟ್ಟಿದ್ರೇನಜ್ಜಿ?"

"ಅಲ್ಲ. ಖೈರುನ್ ಅಂತ ಇದ್ಲು, ನನ್ನ ಗೆಳತಿ. ಎಲ್ಲಾ ಆಕೀವು. ಬರಿಯೂ ಮುಂದ ಆಕೀ ಹೆಸರೂ ಬರಿ."

"ನೀವು ಒಂದೂ ಕಟ್ಟಲಿಲ್ಲ?"

ಅದೇ ಪ್ರಶ್ನೆ. ಈ ಸಲವೂ 'ಇಲ್ಲ' ನಾಲಗೆಯ ತುದಿಗೆ ಬಂದಿತ್ತು, ಅಷ್ಟು ರೂಢಿಯಾದ ಮಾತು.

"ಒಂದು ಹೇಳಿದ್ನವ್ವಾ. ಅಟ್ಟದ ಮ್ಯಾಲ ಇರತಿತ್ತು. ಕೈ ನೀಲಿ ಇದ್ವು, ಈಗ ನಿನ್ನವು ಇದ್ವಲ್ಲ, ಹಂಗ. ಅದನ್ನ ನಾ ಕಟ್ಟಿದ್ದಲ್ಲ, ಕಂಡದ್ದು."

ಅವಳು ಪೆನ್ಸಿಲ್ ತೆಗೆದುಕೊಂಡು, ಬರೆಯಲು ತಯಾರಾಗಿ ಕೂತಳು. "ಅದರ ಹೆಸರೇನ್ರಿ?"

"ಮಸ್ತಾನ್ ಸಾಬ್," ಎಂದೆ.